ಬಟ್ಟಲು ನೀರಲ್ಲಿ ಉಂಟು

ಕೇರಳದ ಗಡಿನಾಡಿನ ಬೆಳ್ಳೂರಿಗೆ ಬಂದು ಅನ್ನಪೂರ್ಣೇಶ್ವರಿಯ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ತಟ್ಟನೆ ಹೇಳಲಾರರು. ಅಷ್ಟುದ್ದದ ಹೆಸರು ಇರುವುದು ಅವಳ ಆಧಾರ್ ಕಾರ್ಡಿನಲ್ಲಿ ಮತ್ತು ಪಿ.ಎಸ್.ಸಿ. ಪರೀಕ್ಷೆಯ ಹಾಲ್ ಟಿಕೆಟಿನಲ್ಲಿ ಮಾತ್ರ. ಪುರೋಹಿತ ಗೌರೀಶಂಕರ ಭಟ್ಟರ ಮನೆಯ ಅನ್ನಪೂರ್ಣ ಟೀಚರ್ ಎಂದು ಕೇಳಿ ನೋಡಿ, ಬಸ್ಸಿಳಿದಲ್ಲಿಂದ ಗೇಟಿನವರೆಗೆ ಯಾರಾದರೊಬ್ಬರು ಜೊತೆಗೇ ಬಂದು ಬಿಟ್ಟು ಹೋಗುತ್ತಾರೆ. ಟೀಚರ್ ಎಂದು ಊರು ಕರೆಯುತ್ತದೆಯೇ ಹೊರತು ಸರಕಾರ ಇನ್ನೂ ಕರೆದಿರಲಿಲ್ಲ. ಯಾವುದಾದರೂ ಶಾಲೆಯಲ್ಲಿ ಟೀಚರೊಬ್ಬರು ಹೆರಿಗೆಗೋ ಬೆನ್ನುನೋವಿಗೋ ರಜೆ ಹಾಕಿದರೆ ಆ ಕುರ್ಚಿಯಲ್ಲಿ ಕೆಲವು ತಿಂಗಳು ಅನ್ನಪೂರ್ಣ. ರಜೆ ಮುಗಿದು ಅವರು ಬಂದರೆ ಅವಳು ಎದ್ದು ಮನೆಗೆ. ಹೀಗೆ ಕೂತು ಎದ್ದು ಕೂತು ಎದ್ದು ಅವಳಿಗೆ ನಲವತ್ತು ಹತ್ತಿರವಾಗಿತ್ತು.

ಕನ್ನಡ ಮಾಧ್ಯಮದ ಎಲ್.ಪಿ. ಶಾಲೆಗಳಿಗೆ, ಅಂದರೆ ಸಣ್ಣ ತರಗತಿಗಳಿಗೆ, ಟೀಚರುಗಳನ್ನು ತೆಗೆದುಕೊಳ್ಳುವ ಪಿ.ಎಸ್.ಸಿ. ಪರೀಕ್ಷೆ ವರ್ಷವರ್ಷ ಬರುವಂಥದ್ದಲ್ಲ, ಅದು ಮನಸ್ಸಾದಾಗ ಬರುವುದು. ಈ ಸಲ ಬಂದದ್ದು ಅವಳ ಮಟ್ಟಿಗೆ ಕಡೆಯ ಬಸ್ಸು. ಇನ್ನೊಮ್ಮೆ ಅರ್ಜಿ ಕರೆಯುವಷ್ಟರಲ್ಲಿ ಅವಳ ವಯಸ್ಸು ಮಿತಿ ದಾಟಿರುತ್ತದೆ. ಆದ್ದರಿಂದ ಶಿವರಾತ್ರಿ ಕಳೆದ ಮರುದಿನವೇ ಅವಳು ಅಡುಗೆಕೋಣೆಯ ಪಕ್ಕದ ಸಣ್ಣ ಕೋಣೆಯಿಂದ ತೆಂಗಿನಕಾಯಿಗಳನ್ನು ಹೊರಗೆ ಸಾಗಿಸಿ, ಒಂದು ಮೇಜು ಇಟ್ಟು, ಗೈಡ್ ತೆರೆದು ಕೂತಳು.

ಓದುವುದು ಕಷ್ಟವಲ್ಲ, ಕೂರುವುದು ಕಷ್ಟ. ಆ ಮನೆಯಲ್ಲಿ ಅನ್ನಪೂರ್ಣ ಎಂಬುದು ಒಬ್ಬಳ ಹೆಸರಲ್ಲ, ಎಲ್ಲ ಪ್ರಶ್ನೆಗಳ ಉತ್ತರ. ಅತ್ತೆ ಶಂಕರಿಯಮ್ಮನಿಗೆ ಮಾತ್ರೆ ಬೇಕಾದರೂ, ಟಿವಿಯ ಶಬ್ದ ಏರಿಸಬೇಕಾದರೂ, ಹೊರಗೆ ಬಂದವರು ಯಾರೆಂದು ತಿಳಿಯಬೇಕಾದರೂ ಅದೇ ಹೆಸರು. ಪ್ಲಸ್ ಟು ಓದುವ ಮಗಳು ದೀಪ್ತಿಗೆ ಚಾರ್ಜರ್ ಕಾಣದಿದ್ದರೂ ಅದೇ. ಗೌರೀಶಂಕರ ಭಟ್ಟರಿಗಂತೂ ಉದ್ದುದ್ದದ ಮಂತ್ರಗಳೆಲ್ಲ ಒಂದಕ್ಷರ ತಪ್ಪದೆ ಬಾಯಲ್ಲಿದ್ದವು. ತಮ್ಮ ಶಾಲು ಯಾವ ಗೂಟದಲ್ಲಿದೆ ಎಂಬುದು ಮಾತ್ರ ಇಷ್ಟು ವರ್ಷವಾದರೂ ಬಾಯಿಪಾಠ ಆಗಿರಲಿಲ್ಲ.

ಪರೀಕ್ಷೆಗೆ ಓದುವವರ ವಾಟ್ಸಾಪ್ ಗುಂಪಿನಲ್ಲಿ ಒಂದು ಉಪಾಯ ಓಡಾಡುತ್ತಿತ್ತು. ಇಪ್ಪತ್ತೈದು ನಿಮಿಷ ಟೈಮರ್ ಇಟ್ಟು ತಲೆ ಎತ್ತದೆ ಓದುವುದು, ಆಮೇಲೆ ಐದು ನಿಮಿಷ ಬಿಡುವು, ಮತ್ತೆ ಓದು. ಅನ್ನಪೂರ್ಣ ಫೋನಿನಲ್ಲಿ ಟೈಮರ್ ಇಟ್ಟಳು. ಕೇರಳದ ನಲವತ್ತನಾಲ್ಕು ನದಿಗಳಲ್ಲಿ ಪೂರ್ವಕ್ಕೆ ಹರಿಯುವ ಮೂರು ಯಾವುವು ಎಂಬಲ್ಲಿಗೆ ಬರುವಷ್ಟರಲ್ಲಿ ಶಾರ್ಜಾದಿಂದ ತಮ್ಮ ವಿಘ್ನೇಶನ ವಿಡಿಯೊ ಕಾಲ್ ಬಂತು. ಹೆಸರು ಇಡುವಾಗಲೇ ಯೋಚಿಸಬೇಕಿತ್ತು ಎಂದುಕೊಂಡು ಫೋನನ್ನು ಅಕ್ಕಿಡಬ್ಬಿಯೊಳಗೆ ಹಾಕಿದಳು. ಅಲ್ಲಿಂದ ಟೈಮರ್ ರಿಂಗಾದದ್ದು ಯಾರಿಗೂ ಕೇಳಲಿಲ್ಲ, ಅವಳಿಗೂ ಕೇಳಲಿಲ್ಲ, ಮಧ್ಯಾಹ್ನದ ಅನ್ನ ತಡವಾಯಿತು.

ಮುಂದೆ ಕುಕ್ಕರ್. ಕಡಲೆ ಬೇಯಲು ಇಟ್ಟು, ಇಷ್ಟು ಸೀಟಿಯವರೆಗೆ ಓದು ಎಂದು ಲೆಕ್ಕ ಹಾಕಿದಳು. ಸೀಟಿ ಎಣಿಸುವ ಕಿವಿಗೆ ಓದು ಹತ್ತಲಿಲ್ಲ, ಓದುವ ಕಣ್ಣಿಗೆ ಸೀಟಿ ಹತ್ತಲಿಲ್ಲ. ಕಡಲೆ ಸೀದು ಹೋಗಿ, ಅತ್ತೆ ಊಟದಲ್ಲಿ ಒಂದು ಮಾತೂ ಆಡದೆ ಬರಿಯ ಮಜ್ಜಿಗೆಯಲ್ಲಿ ಉಂಡು ಎದ್ದರು. ಬೈದಿದ್ದರೆ ಒಳ್ಳೆಯದಿತ್ತು ಎಂದು ಅನ್ನಪೂರ್ಣಳಿಗೆ ಅನಿಸಿತು.

ವಿಷಯ ತಿಳಿದ ವಿಘ್ನೇಶ ಊರಿಗೆ ಬರುವವರೊಬ್ಬರ ಕೈಯಲ್ಲಿ ಟೊಮೆಟೊ ಆಕಾರದ ಒಂದು ಟೈಮರ್ ಕಳಿಸಿದ. ತಿರುಗಿಸಿಟ್ಟರೆ ಟಿಕ್ ಟಿಕ್ ಎಂದು ನಡೆದು ಕೊನೆಗೆ ಗಣಗಣ ಎನ್ನುವಂಥದ್ದು. ಅದು ನಿಜಕ್ಕೂ ಒಳ್ಳೆಯ ಟೈಮರ್. ತೊಂದರೆ ಅದರದ್ದಲ್ಲ, ಮನೆಯವರದ್ದು. ಅದು ಗಣಗಣ ಎಂದ ಕೂಡಲೇ ಶಾಲೆಯ ಇಂಟರ್‌ವೆಲ್ ಬೆಲ್ ಆದ ಹಾಗೆ ಮೂವರೂ ಬಾಗಿಲಿಗೆ ಬರುತ್ತಿದ್ದರು. ಗಣಗಣ ಎನ್ನುವ ಮೊದಲೂ ಬರುತ್ತಿದ್ದರು. ಯಂತ್ರದ ಸಮಯ ತಾನೇ, ಸ್ವಲ್ಪ ಹಿಂದೆ ತಿರುಗಿಸಿದರಾಯಿತು ಎಂಬ ಧೈರ್ಯ. ಭಟ್ಟರು ಒಂದು ದಿನ ತಾವೇ ಅದನ್ನು ತಿರುಗಿಸಿ ನಿಲ್ಲಿಸಿ, “ಒಂದು ನಿಮಿಷ ಮಾರಾಯ್ತಿ, ನನ್ನ ಶಾಲು ಎಲ್ಲಿ ಉಂಟು?” ಎಂದು ಕೇಳಿದರು. ಅನ್ನಪೂರ್ಣ ಶಾಲು ಕೊಟ್ಟಳು, ಟೊಮೆಟೊವನ್ನು ತರಕಾರಿ ಬುಟ್ಟಿಗೆ ಹಾಕಿದಳು.

ದಾರಿ ತೋರಿಸಿದ್ದು ಗಳಿಗೆ ಬಟ್ಟಲು. ಅಂಗೈಯಲ್ಲಿ ಕೂರುವಷ್ಟು ದೊಡ್ಡ ತಾಮ್ರದ ಬಟ್ಟಲು, ತಳದಲ್ಲಿ ಸೂಜಿಮೊನೆಯಷ್ಟು ತೂತು. ನೀರು ತುಂಬಿದ ಪಾತ್ರೆಯಲ್ಲಿ ತೇಲಿಬಿಟ್ಟರೆ ತೂತಿನಿಂದ ನೀರು ಒಳಗೇರಿ ಒಂದು ಗಳಿಗೆಗೆ, ಅಂದರೆ ಇಪ್ಪತ್ತನಾಲ್ಕು ನಿಮಿಷಕ್ಕೆ, ಮುಳುಗುತ್ತದೆ. ಗಡಿಯಾರವಿಲ್ಲದ ಕಾಲದಲ್ಲಿ ಮದುವೆಯ ಮುಹೂರ್ತ ಹಿಡಿಯುತ್ತಿದ್ದದ್ದು ಅದರಿಂದಲೇ. ಈಗ ಎಲ್ಲರ ಕೈಯಲ್ಲೂ ಗಡಿಯಾರ ಇದೆ. ಆದರೂ ಭಟ್ಟರು ನಡೆಸುವ ಮದುವೆಗಳಲ್ಲಿ ಅಜ್ಜನ ಕಾಲದ ಆ ಬಟ್ಟಲು ಮುಳುಗದೆ ವಧೂವರರ ನಡುವಿನ ಅಂತಃಪಟ ಸರಿಯುವುದಿಲ್ಲ. ಅದಕ್ಕಾಗಿಯೇ ಅವರನ್ನು ಕರೆಯುವ ಮನೆಗಳು ಉಂಟು.

ಮದುವೆಯ ಕಾಲ ಸುರುವಾಗುವ ಮೊದಲು ಭಟ್ಟರು ಪ್ರತಿವರ್ಷ ಬಟ್ಟಲನ್ನು ಹುಣಸೆಹುಳಿಯಲ್ಲಿ ತೊಳೆದು ಜಗಲಿಯಲ್ಲಿ ಒಮ್ಮೆ ತೇಲಿಸಿ ನೋಡುತ್ತಾರೆ. ಈ ಸಲವೂ ನೋಡಿದರು. ಅಷ್ಟು ಹೊತ್ತು ಮನೆ ಗಪ್‌ಚಿಪ್. ಶಂಕರಿಯಮ್ಮ ಟಿವಿ ನಿಲ್ಲಿಸಿ ಕೈಮುಗಿದು ಕೂತರು. ದೀಪ್ತಿ ಕಾಲ್ಬೆರಳಲ್ಲಿ ನಡೆದಳು. ಬಟ್ಟಲು ಮುಳುಗುವ ತನಕ ಅದರ ಹತ್ತಿರ ಯಾರೂ ಮಾತಾಡಬಾರದು, ದಾಟಬಾರದು, ನೀರು ಅಲುಗಬಾರದು ಎಂಬುದು ಆ ಮನೆಯ ಪದ್ಧತಿ. ಒಳಕೋಣೆಯಲ್ಲಿ ಅನ್ನಪೂರ್ಣ ಒಂದು ಅಧ್ಯಾಯ ಪೂರ್ತಿ ಓದಿ ಮುಗಿಸಿ, ಏನೋ ತಪ್ಪಾಗಿದೆ ಎಂದು ತಲೆ ಎತ್ತಿದಳು. ತಪ್ಪೇನೂ ಆಗಿರಲಿಲ್ಲ. ಯಾರೂ ಅವಳನ್ನು ಕರೆದಿರಲಿಲ್ಲ, ಅಷ್ಟೇ.

ಆ ಸಂಜೆಯೇ ಅವಳು ಬಟ್ಟಲು ಕೇಳಿದಳು. ಮುಹೂರ್ತದ ವಸ್ತುವನ್ನು ಗೈಡಿನ ಪಕ್ಕ ಇಡುವುದು ಹೇಗೆ ಎಂದು ಭಟ್ಟರು ಹಿಂದೆ ಮುಂದೆ ನೋಡಿದರು. ವಿದ್ಯಾರಂಭಕ್ಕೂ ನೀವು ಮುಹೂರ್ತ ಇಡುತ್ತೀರಲ್ಲ, ನನ್ನದು ಎಂತ ವಿದ್ಯೆ ಅಲ್ಲವಾ ಎಂದು ಅವಳು ಕೇಳಿದ್ದಕ್ಕೆ ಅವರಲ್ಲಿ ಉತ್ತರ ಇರಲಿಲ್ಲ. ಉತ್ತರ ಇಲ್ಲದಾಗ ಮಂತ್ರ ಹೇಳುವುದು ಅವರ ಕ್ರಮ. ಮರುದಿನ ಬೆಳಿಗ್ಗೆ ಸಂಕಲ್ಪ ಮಾಡಿ, ಅಕ್ಷತೆ ಹಾಕಿ, ಮೇಜಿನ ಮೂಲೆಯ ಪಾತ್ರೆಯಲ್ಲಿ ತಾವೇ ಬಟ್ಟಲು ತೇಲಿಬಿಟ್ಟರು.

ಅಂದಿನಿಂದ ಆ ಮನೆಯಲ್ಲಿ ಒಂದು ಹೊಸ ಮಾತು ಹುಟ್ಟಿತು. ಶಂಕರಿಯಮ್ಮ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂತು, ಬಂದವರಿಗೆಲ್ಲ ತುಟಿಗೆ ಬೆರಳಿಟ್ಟು, “ಬಟ್ಟಲು ನೀರಲ್ಲಿ ಉಂಟು” ಎನ್ನುತ್ತಿದ್ದರು. ಒಳಗೆ ಎಂತದೋ ದೊಡ್ಡ ಅನುಷ್ಠಾನ ನಡೆಯುತ್ತಿದೆ ಎಂದುಕೊಂಡ ಗ್ಯಾಸಿನವನು ಚಪ್ಪಲಿ ಕಳಚಿ ಸಿಲಿಂಡರನ್ನು ಸದ್ದಿಲ್ಲದೆ ಇಟ್ಟು ಹೋದ. ನದಿಗಳು ಮುಗಿದವು, ಮಕ್ಕಳ ಮನಶ್ಶಾಸ್ತ್ರ ಮುಗಿಯುತ್ತ ಬಂತು. ಕಬಿನಿ, ಭವಾನಿ, ಪಾಂಬಾರ್ ಎಂದು ಪೂರ್ವಕ್ಕೆ ಹರಿಯುವ ಮೂರೂ ನದಿಗಳು ಅವಳ ಬಾಯಲ್ಲಿ ಕಾಯಿ ತುರಿಯುವಾಗಲೂ ಹರಿದವು. ಈ ಸಲ ರ‍್ಯಾಂಕ್ ಲಿಸ್ಟಿನಲ್ಲಿ ಹೆಸರು ಬಂದೇ ಬರುತ್ತದೆ ಎಂಬ ಧೈರ್ಯ ಅವಳಿಗೆ ಮೊದಲ ಸಲ ಹುಟ್ಟಿತು.

ಹಾಗಾದರೆ ಎಲ್ಲ ಸರಿಹೋಯಿತು ಎನ್ನಬೇಕು. ಸರಿಹೋಗದೆ ಉಳಿದದ್ದು ಬಿಡುವು. ಬಟ್ಟಲು ಮುಳುಗುವಾಗ ಗುಳುಂ ಎಂದು ಒಂದು ಸಣ್ಣ ಸದ್ದು ಬರುತ್ತದೆ. ಪಕ್ಕದಲ್ಲಿ ಕೂತು ಕರೆದರೂ ಕೆಲವೊಮ್ಮೆ ಕೇಳದ ಶಂಕರಿಯಮ್ಮನ ಕಿವಿಗೆ ಆ ಗುಳುಂ ಮಾತ್ರ ಯಾವ ಮೂಲೆಯಲ್ಲಿದ್ದರೂ ಕೇಳುತ್ತಿತ್ತು. ಒಂದು ಗಳಿಗೆ ಬಾಯಿ ಕಟ್ಟಿ ಕೂತ ಮನೆ ಕೂಡಿಟ್ಟ ಕೆಲಸವನ್ನೆಲ್ಲ ಒಟ್ಟಿಗೆ ಅವಳ ಮೇಲೆ ಸುರಿಯುತ್ತಿತ್ತು. ಕಾಫಿ, ಮಾತ್ರೆ, ಶಾಲು, ಚಾರ್ಜರ್, ಯಾರದೋ ಫೋನು. ಹೇಳಿಕೆಗೆ ಅದು ಅವಳ ಬಿಡುವು, ನಿಜದಲ್ಲಿ ಉಳಿದವರೆಲ್ಲರ ಆಫೀಸು. ಮತ್ತೆ ಬಂದು ಕುರ್ಚಿಯಲ್ಲಿ ಕೂರುವಾಗ ಕಣ್ಣು ಅಕ್ಷರದ ಮೇಲೆ, ಕೈಯಲ್ಲಿ ಸಾಬೂನಿನ ವಾಸನೆ. ದಣಿವಾರಿಸಿಕೊಳ್ಳಲು ಅವಳು ಓದಬೇಕಾಗಿ ಬಂದಿತ್ತು.

ಎಪ್ರಿಲ್ ಹೊತ್ತಿಗೆ ಹಲಸು ಬಂತು. ಒಂದು ದಿನ ಸೊಳೆ ಬಿಡಿಸಿ, ಬೆರಳಿಗೆ ಅಂಟಿದ ಮೇಣವನ್ನು ಉಜ್ಜುತ್ತ ಕೋಣೆಗೆ ಬಂದ ಅನ್ನಪೂರ್ಣ ಬಟ್ಟಲನ್ನು ಕೈಗೆತ್ತಿಕೊಂಡಳು. ತಳದ ತೂತನ್ನು ನೋಡಿದಳು. ಬೆರಳಿನ ಮೇಣವನ್ನು ನೋಡಿದಳು. ಆಮೇಲೆ ನಡೆದದ್ದನ್ನು ಕೈ ಮಾಡಿತು ಎನ್ನಬೇಕೇ ಹೊರತು ತಲೆ ಮಾಡಿದ್ದಲ್ಲ. ಸಾಸಿವೆಯಷ್ಟು ಮೇಣ ತೂತಿನ ಮೇಲೆ ಕೂತಿತು, ಬಟ್ಟಲು ನೀರಿನಲ್ಲಿ ಬಾತುಕೋಳಿಯ ಹಾಗೆ ತೇಲಿತು.

ಅವಳು ಗೈಡ್ ಮುಚ್ಚಿದಳು. ನೆಲದಲ್ಲಿ ಚಾಪೆ ಹಾಸಿ ಕಾಲು ಚಾಚಿದಳು. ಫ್ಯಾನನ್ನು ನೋಡಿದಳು. ಫ್ಯಾನಿನಲ್ಲಿ ನೋಡುವಂಥದ್ದೇನೂ ಇರಲಿಲ್ಲ, ಅದೇ ಅದರ ಸುಖ. ಹೊರಗೆ ಅತ್ತೆ ಯಾರಿಗೋ ಬಟ್ಟಲು ನೀರಲ್ಲಿ ಉಂಟು ಎನ್ನುತ್ತಿದ್ದದ್ದು ಕೇಳಿತು. ಸಾಕಾದ ಮೇಲೆ ಎದ್ದು, ತೆಂಗಿನೆಣ್ಣೆ ಮುಟ್ಟಿಸಿ ಮೇಣ ತೆಗೆದು, ಬಟ್ಟಲನ್ನು ನಿಜವಾಗಿ ತೇಲಿಬಿಟ್ಟು ಓದಲು ಕೂತಳು. ಆ ದಿನ ಓದಿದ್ದು ನೀರು ಇಳಿದ ಹಾಗೆ ತಲೆಗೆ ಇಳಿಯಿತು.

ಮತ್ತೆ ಅದೇ ರೂಢಿಯಾಯಿತು. ಓದಿಗೆ ಸತ್ಯದ ಬಟ್ಟಲು, ಬಿಡುವಿಗೆ ಸುಳ್ಳು ಬಟ್ಟಲು. ದೇವರ ಸಮಾನದ ವಸ್ತುವಿಗೆ ಮೇಣ ಮೆತ್ತುವಾಗ ಅವಳ ಎದೆ ಡವಡವ ಎನ್ನದೆ ಇರಲಿಲ್ಲ. ಆದರೆ ಫ್ಯಾನಿನ ಕೆಳಗೆ ಮಲಗಿದ ಮೇಲೆ ಅದು ತಾನಾಗಿ ನಿಲ್ಲುತ್ತಿತ್ತು.

ಪರೀಕ್ಷೆಗೆ ಎರಡು ವಾರವೂ ಇರಲಿಲ್ಲ. ಎಡನೀರಿನ ಕಡೆಯ ಶರತ್ಚಂದ್ರರ ಮಗಳ ಮದುವೆ ಬಂತು. ಅವರು ಭಟ್ಟರೇ ಹಿಂದಿನಿಂದ ಪೌರೋಹಿತ್ಯ ಮಾಡುವ ಒಕ್ಕಲಿನ ಪೈಕಿ, ಮನೆಮಂದಿಗೆಲ್ಲ ಮದುವೆಯ ಹೇಳಿಕೆ ಇತ್ತು. ಬೆಳಗಿನ ಗಡಿಬಿಡಿಯಲ್ಲಿ ಭಟ್ಟರು ಬಟ್ಟಲನ್ನು ಮೇಜಿನಿಂದ ಎತ್ತಿ ಚೀಲಕ್ಕೆ ಹಾಕಿ ಮೊದಲೇ ಹೋಗಿದ್ದರು. ಅನ್ನಪೂರ್ಣ ಅತ್ತೆಯನ್ನೂ ಮಗಳನ್ನೂ ಕರೆದುಕೊಂಡು ಆಮೇಲೆ ಹೋಗಿ ಹೆಂಗಸರ ಸಾಲಿನಲ್ಲಿ ಕೂತಳು.

ನಡುಮಧ್ಯಾಹ್ನದ ಅಭಿಜಿನ್ ಮುಹೂರ್ತ. ವೇದಿಕೆಯಲ್ಲಿ ಸೋದರಮಾವಂದಿರಿಬ್ಬರು ಅಂತಃಪಟ ಹಿಡಿದು ನಿಂತಿದ್ದರು. ಭಟ್ಟರು ಹೂವಿನ ನಡುವೆ ಪಾತ್ರೆಯಿಟ್ಟು ಬಹಳ ಮೊದಲೇ ಬಟ್ಟಲು ತೇಲಿಬಿಟ್ಟಿದ್ದರು. ವಿಡಿಯೊ ತೆಗೆಯುವ ರೋಶನ್ ಎಂಬ ಹುಡುಗನಿಗೆ ಇಂಥದ್ದು ಎಲ್ಲೂ ಸಿಕ್ಕಿರಲಿಲ್ಲ. ಅವನು ಕ್ಯಾಮರಾವನ್ನು ನೇರ ಬಟ್ಟಲಿನ ಮೇಲೆ ಇಟ್ಟ. ಸಭಾಭವನದ ದೊಡ್ಡ ಪರದೆಯ ತುಂಬ ತಾಮ್ರದ ಬಟ್ಟಲು ಮೂಡಿತು. ಅದರೊಳಗೆ ಒಂದು ಹನಿ ನೀರು ಇರಲಿಲ್ಲ.

ಅನ್ನಪೂರ್ಣಳ ಕೈಯಲ್ಲಿದ್ದ ಶರಬತ್ತಿನ ಲೋಟ ಅಲ್ಲೇ ನಿಂತಿತು. ನಿನ್ನೆ ಸಂಜೆ ಮಲಗಿದವಳು ಮೇಣ ತೆಗೆಯದೆ ಎದ್ದು ದೋಸೆಗೆ ಅರೆಯಲು ಹೋಗಿದ್ದಳು.

ಭಟ್ಟರು ಬಟ್ಟಲು ನೋಡಿದರು, ಕೈಗಡಿಯಾರ ನೋಡಿದರು, ಮತ್ತೊಂದು ಶ್ಲೋಕ ಹೇಳಿದರು. ಶ್ಲೋಕ ಮುಗಿದರೂ ಬಟ್ಟಲು ಮುಳುಗಲಿಲ್ಲ. ಸೋದರಮಾವಂದಿರ ಕೈ ಸೋತು ಅಂತಃಪಟ ಕೆಳಕೆಳಗೆ ಬಂತು. ಅಡುಗೆಯವರು ಬಾಗಿಲಿಗೆ ಬಂದು ಇಣುಕಿದರು. ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸು, ಈ ಸಂಬಂಧಕ್ಕೆ ಮುಹೂರ್ತವೇ ಒಪ್ಪುತ್ತಿಲ್ಲವೋ ಎಂತದೋ ಎಂದು ಪಿಸುಗುಟ್ಟಿದಳು. ಶರತ್ಚಂದ್ರರು ತಿರುಗಿ ನೋಡಿದರು. ಆ ಮಾತು ಇನ್ನೆರಡು ಸಾಲು ದಾಟಿದರೆ ಹುಡುಗಿಯ ಹಣೆಗೆ ಅಂಟುತ್ತದೆ, ಅದಕ್ಕೆ ತೆಂಗಿನೆಣ್ಣೆಯೂ ಇಲ್ಲ ಎಂದು ಅನ್ನಪೂರ್ಣಳಿಗೆ ಹೊಳೆಯಿತು. ಅವಳು ಎದ್ದಳು. ಆರತಿಯ ತಟ್ಟೆಯನ್ನು ಯಾರದೋ ಕೈಯಿಂದ ತೆಗೆದುಕೊಂಡು ವೇದಿಕೆ ಹತ್ತಿ, ತಟ್ಟೆ ಇಡುವ ನೆಪದಲ್ಲಿ ಗಂಡನ ಕಿವಿಯ ಹತ್ತಿರ ಬಗ್ಗಿದಳು.

“ತೂತಿನಲ್ಲಿ ಹಲಸಿನ ಮೇಣ ಉಂಟು. ನಾನೇ ಹಾಕಿದ್ದು.”

ಭಟ್ಟರು ಅವಳ ಕಡೆ ತಿರುಗಲಿಲ್ಲ. ಕೈಗಡಿಯಾರವನ್ನು ಇನ್ನೊಮ್ಮೆ ನೋಡಿ, ಉದ್ಧರಣೆಯನ್ನು ಎತ್ತಿಕೊಂಡು, ಗಂಗೆ ಯಮುನೆಯರನ್ನೆಲ್ಲ ಗಟ್ಟಿಯಾಗಿ ಕರೆಯುತ್ತ ಒಂದೊಂದೇ ಚಮಚ ನೀರನ್ನು ಬಟ್ಟಲಿಗೆ ಎರೆಯತೊಡಗಿದರು. ನೋಡುತ್ತಿದ್ದವರಿಗೆ ಮೊದಲಿನಿಂದಲೂ ಹೀಗೆಯೇ ಬರೆದಿಟ್ಟ ಕ್ರಮ ಎಂದು ಕಾಣಬೇಕು, ಅಷ್ಟು ನಿಧಾನ, ಅಷ್ಟು ಗಂಭೀರ. ಪರದೆಯ ಮೇಲೆ ನೀರು ಏರಿತು, ಅಂಚು ಮುಟ್ಟಿತು, ಗುಳುಂ. ವಾಲಗ ಮೊಳಗಿತು, ಅಂತಃಪಟ ಸರಿಯಿತು. ಊಟದ ಹೊತ್ತಿಗೆ ಶರತ್ಚಂದ್ರರು ಕಣ್ಣೊರೆಸಿಕೊಳ್ಳುತ್ತ, ಸಪ್ತನದಿಗಳನ್ನು ಕರೆದು ಮುಹೂರ್ತ ತುಂಬಿಸಿದ ಮದುವೆಯನ್ನು ತಾನು ಕಂಡದ್ದೇ ಇಲ್ಲ ಎಂದು ಪಂಕ್ತಿ ಪಂಕ್ತಿಗೂ ಹೇಳಿಕೊಂಡು ಬಂದರು.

ಮನೆಗೆ ಬರುವ ದಾರಿಯಲ್ಲಿ ಶಂಕರಿಯಮ್ಮ ಮಾತ್ರ ಮಾತಾಡಿದರು, ಅದೂ ಹೋಳಿಗೆಯ ಬಗ್ಗೆ. ಮನೆಗೆ ಬಂದ ಮೇಲೆ ಭಟ್ಟರು ಹಿತ್ತಿಲಿನ ಕಲ್ಲಿನ ಮೇಲೆ ಕೂತು ಬಟ್ಟಲಿಗೆ ಎಣ್ಣೆ ಹಚ್ಚಿ ಉಗುರಿನಿಂದ ಮೇಣ ಕೆರೆಯತೊಡಗಿದರು. ಅನ್ನಪೂರ್ಣ ಹತ್ತಿರ ಹೋಗಿ ನಿಂತಳು. ಅವರು ತಲೆ ಎತ್ತದೆ, ಓದಲಿಕ್ಕೆ ಒಂದು ಗಳಿಗೆ ಸಾಲಲಿಲ್ಲವಾ ಎಂದು ಕೇಳಿದರು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಓದಿನ ಹಸಿವಿಗೆ ಮಾಡಿದ ತಪ್ಪನ್ನು ಅವರು ಕ್ಷಮಿಸಿಬಿಡುತ್ತಿದ್ದರು, ನಾಲ್ಕು ಜನರ ಹತ್ತಿರ ಹೇಳಿಕೊಂಡು ನಗುತ್ತಲೂ ಇದ್ದರು. ಆದರೆ ಅಷ್ಟು ಹೊತ್ತು ಹೆದರಿ ಹೆದರಿ ಅವಳಿಗೆ ಹೆದರಿಕೆಯೇ ಮುಗಿದು ಹೋಗಿತ್ತು.

“ಓದಲಿಕ್ಕೆ ಅಲ್ಲ, ಸುಮ್ಮನೆ ಕೂರಲಿಕ್ಕೆ” ಎಂದಳು. “ಓದುವಾಗ ನನ್ನನ್ನು ಬಿಡುತ್ತೀರಿ ನೀವು. ಬಿಡುವು ಆದಾಗ ಯಾರು ಬಿಡುತ್ತೀರಿ?”

ಭಟ್ಟರು ಎದ್ದರು. ಬಟ್ಟಲನ್ನು ತೊಳೆದು ಒರೆಸಿ, ದೇವರಕೋಣೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು.

ಮರುದಿನ ಮೇಜಿನ ಮೂಲೆಯಲ್ಲಿ ಬರಿಯ ಪಾತ್ರೆ, ಅದರಲ್ಲಿ ಬರಿಯ ನೀರು. ಬಟ್ಟಲು ಕಾಣದ ಮನೆಗೆ ಹಳೆಯ ಬಾಯಿ ಮರಳಿ ಬಂತು. ಮಾತ್ರೆ, ಚಾರ್ಜರ್, ಕಾಫಿ. ಮಾದರಿ ಪ್ರಶ್ನೆಪತ್ರಿಕೆಯ ಒಂದೇ ಪುಟವನ್ನು ಅವಳು ದಿನವಿಡೀ ಓದಿದಳು. ಕಬಿನಿ ನೆನಪಾದರೆ ಭವಾನಿ ಇಲ್ಲ, ಭವಾನಿ ಸಿಕ್ಕಿದರೆ ಪಾಂಬಾರ್ ಇಲ್ಲ. ಕಡೆಯ ಬಸ್ಸು ತನ್ನ ಕಣ್ಣೆದುರೇ ಹೊರಡುತ್ತಿದೆ ಎಂದು ಅನಿಸಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಸತ್ಯ ಹೇಳಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಅದರ ಮರುದಿನ ಮಧ್ಯಾಹ್ನ ಭಟ್ಟರು ಒಂದು ಶ್ರಾದ್ಧ ಮುಗಿಸಿ ಬಂದವರು ಅಂಗಿ ಹಾಕದೆ ನೇರ ಅವಳ ಕೋಣೆಗೆ ಬಂದರು. ಒಂದು ಕೈಯಲ್ಲಿ ಗಳಿಗೆ ಬಟ್ಟಲು. ಅದನ್ನು ಗೈಡಿನ ಪಕ್ಕ ಇಟ್ಟರು. ಇನ್ನೊಂದು ಕೈಯಲ್ಲಿ ಅಡುಗೆಮನೆಯ ಸ್ಟೀಲಿನ ಬಟ್ಟಲು, ದೀಪ್ತಿಗೆ ದಿನಾ ಪಾಯಸವೋ ಮೊಸರೋ ಹಾಕಿ ಕೊಡುವಂಥದ್ದು. ಅದನ್ನು ನೀರಿನ ಪಾತ್ರೆಯಲ್ಲಿ ಮೆಲ್ಲನೆ ತೇಲಿಬಿಟ್ಟರು.

“ಅಜ್ಜನ ಬಟ್ಟಲಿನ ಹತ್ತಿರ ಸುಳ್ಳು ಹೇಳಿಸುವುದು ಬೇಡ” ಎಂದರು. “ಅದು ಓದಿಗೆ ಇರಲಿ. ಬಿಡುವಿಗೆ ಇದು. ಇದಕ್ಕೆ ತೂತೇ ಇಲ್ಲ.”

“ಮತ್ತೆ ಇದು ಮುಳುಗುವುದು ಯಾವಾಗ?”

“ನೀನು ಮುಳುಗಿಸಿದಾಗ.”

ಇಷ್ಟು ಹೇಳಿ, ಇನ್ನು ನಿಂತರೆ ಏನಾದರೂ ಹೆಚ್ಚು ಹೇಳಬೇಕಾಗುತ್ತದೋ ಎಂಬ ಹೆದರಿಕೆಯಿಂದಲೋ ಏನೋ, ಬಾಗಿಲು ಎಳೆದುಕೊಂಡು ಹೊರಗೆ ಹೋದರು. ಅನ್ನಪೂರ್ಣ ಚಾಪೆ ಹಾಸಿದಳು. ಸ್ಟೀಲಿನ ಬಟ್ಟಲು ಫ್ಯಾನಿನ ಗಾಳಿಗೆ ಮೆಲ್ಲಗೆ ತಿರುಗುತ್ತಿತ್ತು. ಮೇಣ ಮೆತ್ತುವಾಗ ಇರುತ್ತಿದ್ದ ಡವಡವ ಈಗ ಇರಲಿಲ್ಲ. ಕದ್ದದ್ದಲ್ಲ, ಕೊಟ್ಟದ್ದು. ಕಣ್ಣು ತುಂಬಿ ಬಂತು, ಈ ಸಲ ಸೆರಗು ಬೇಕಾಗಲಿಲ್ಲ.

ಅಡುಗೆಮನೆಯಿಂದ ಡಬ್ಬಿಗಳ ಸದ್ದು ಕೇಳತೊಡಗಿತು. ಭಟ್ಟರು ಕಾಫಿಗೆ ಕೈ ಹಾಕಿದ್ದರು. ಒಂದು ಮುಚ್ಚಳ ಬಿತ್ತು, ಉರುಳಿತು, ನಿಂತಿತು. ಅದು ಅಕ್ಕಿಹಿಟ್ಟಿನ ಡಬ್ಬಿ ಎಂದು ಅನ್ನಪೂರ್ಣಳಿಗೆ ಸದ್ದಿನಲ್ಲೇ ಗೊತ್ತಾಯಿತು. ಸಕ್ಕರೆ ಅದರ ಹಿಂದೆಯೇ ಇದೆ ಎನ್ನಲು ಬಾಯಿ ತೆರೆದವಳು ಹಾಗೆಯೇ ಮುಚ್ಚಿಕೊಂಡಳು. ಇನ್ನೊಂದು ಮುಚ್ಚಳ ಬಿತ್ತು. ಕೊನೆಗೆ ಭಟ್ಟರು ತಡೆಯಲಾರದೆ ಗಟ್ಟಿಯಾಗಿ ಕೇಳಿದರು.

“ಅನ್ನಪೂರ್ಣಾ, ಸಕ್ಕರೆ ಎಲ್ಲಿ ಉಂಟು?”

ಬಾಗಿಲ ಬಳಿಯ ಕುರ್ಚಿ ಕಿರುಗುಟ್ಟಿತು. ಶಂಕರಿಯಮ್ಮ ಯಾವಾಗ ಬಂದು ಕೂತಿದ್ದರೋ ಏನೋ.

“ಬಟ್ಟಲು ನೀರಲ್ಲಿ ಉಂಟು” ಎಂದರು ಅವರು ಮಗನಿಗೆ. “ನೀನೇ ಹುಡುಕು.”